ಭಾಗಮಂಡಲದಲ್ಲಿ ಮಳೆ ಅಳೆಯುವವರು

ಜುಲೈ ಬಂತೆಂದರೆ ಮಂಡ್ಯ ಸೀಮೆಯ ನಾವು ಪೇಪರಿನಲ್ಲಿ ಮೊದಲು ನೋಡುವುದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ. 124.80 ಅಡಿ ಮುಟ್ಟಿದರೆ ಊರಿಗೆ ಊರೇ ಹಿಗ್ಗುತ್ತದೆ, ಮುಖ್ಯಮಂತ್ರಿಗಳು ಬಂದು ಬಾಗಿನ ಬಿಡುತ್ತಾರೆ. ಆ ನೀರು ನಮ್ಮ ನಾಲೆಗೆ ಇಳಿಯುವ ಮೊದಲು ಯಾರ ಅಂಗಳ ಹೊಕ್ಕು ಬಂತು ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಅದನ್ನು ನೋಡಲೆಂದೇ ಮಳೆಗಾಲದ ನಡುವೆ ಭಾಗಮಂಡಲಕ್ಕೆ ಹೊರಟೆ. ಕುಶಾಲನಗರ, ಮಡಿಕೇರಿ ಎಲ್ಲ ಬಸ್ಸಿನ ಮಂಜುಗಟ್ಟಿದ ಗಾಜಿನಾಚೆಯೇ ಕಳೆದುಹೋದವು.

ಕಾವೇರಿ, ಕನ್ನಿಕೆ, ಸುಜ್ಯೋತಿ ಕೂಡುವ ಸಂಗಮದಲ್ಲಿ ಸ್ನಾನಘಟ್ಟದ ಒಂದು ಮೆಟ್ಟಿಲೂ ಕಾಣುತ್ತಿರಲಿಲ್ಲ. ಈಗ ಮೇಲ್ಸೇತುವೆ ಆಗಿದೆ. ಆದರೂ ನಾಪೋಕ್ಲು ಕಡೆಯ ರಸ್ತೆಗೆ ನೀರು ನುಗ್ಗಿತ್ತು. ಅಡ್ಡ ಇಟ್ಟಿದ್ದ ಬ್ಯಾರಿಕೇಡನ್ನು ಸರಿಸಿ ಕಾರಿಳಿಸಿದ ಹುಡುಗರು ಮೊಣಕಾಲುದ್ದ ನೀರಿನಲ್ಲಿ ನಿಂತು ವಿಡಿಯೊ ಮಾಡುತ್ತಿದ್ದರು. ಒಬ್ಬ 'ಇಷ್ಟೇನಾ?' ಅಂದ. ಮೈ ಉರಿಯಿತು. ಅವರು ಸಿಕ್ಕಿಬಿದ್ದರೆ ಹಗ್ಗ ಹಿಡಿದು ನೀರಿಗಿಳಿಯಬೇಕಾದವರು ಇದೇ ಊರಿನವರು.

ಗೆಳೆಯನ ದೊಡ್ಡಪ್ಪನ ಮನೆ ಹೊಳೆಯಿಂದ ಸ್ವಲ್ಪ ಮೇಲೆ, ಕಾಫಿ ತೋಟದ ಏರಿನಲ್ಲಿದೆ. ಹೋದ ರಾತ್ರಿ ದೊಡ್ಡಮ್ಮ ಕಣಿಲೆ ಪಲ್ಯ, ಅಕ್ಕಿರೊಟ್ಟಿ ಬಡಿಸಿದರು. ಎಳೆ ಬಿದಿರನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ನೆನೆಸಿಟ್ಟು ಕಹಿ ಕಳೆದ ಅಡುಗೆ. ಅಟ್ಟದಲ್ಲಿ ಒಣಗಿದ ಸೌದೆ, ಮಣ್ಣು ಮೆತ್ತಿಟ್ಟ ಹಲಸಿನ ಬೀಜ, ಡಬ್ಬದ ತುಂಬ ಒಣಮೀನು. ವಾರವಿಡೀ ಅಂಗಡಿಗೆ ದಾರಿ ಇಲ್ಲದಿದ್ದರೂ ಆ ಮನೆ ಉಣ್ಣುತ್ತದೆ. ನಾನು ಉಂಡ ಊಟಗಳಲ್ಲಿ ಇಷ್ಟು ಮುಂದಾಲೋಚನೆ ಬೆರೆತದ್ದು ಬೇರೊಂದಿಲ್ಲ.

ನಡುರಾತ್ರಿ ದೊಡ್ಡಪ್ಪ ಟಾರ್ಚ್ ಹಿಡಿದು ಹೊರಗೆ ಹೊರಟರು. ಅಂಗಳದಾಚೆ ರೈನ್‌ಗೇಜ್ ಇದೆ. ಬಾಟಲಿ ತುಂಬಿ ಚೆಲ್ಲಿದರೆ ಲೆಕ್ಕ ತಪ್ಪುತ್ತದೆಂದು ಮಧ್ಯೆ ಎದ್ದು ಅಳೆದು ಸುರಿಯುತ್ತಾರೆ. ಮಿಲಿಮೀಟರ್ ಅವರಿಗೆ ಒಗ್ಗುವುದಿಲ್ಲ, ಇಂಚು, ಸೆಂಟು. ಒಂದು ಇಂಚಿಗೆ ನೂರು ಸೆಂಟು. ಕಾಫಿಯ ಹೂಮಳೆಯಿಂದ ಹಿಡಿದು ಎಲ್ಲವೂ ನೋಟ್‌ಬುಕ್ಕಿನಲ್ಲಿದೆ. ಹವಾಮಾನ ಇಲಾಖೆ ಒಂದೇ ದಿನ 204 ಮಿ.ಮೀ. ಮೀರಿದ ಮಳೆಯನ್ನು ಅತ್ಯಂತ ಭಾರಿ ಎಂದು ಕರೆಯುತ್ತದೆ. ಅದೇ ಇಲ್ಲಿಯ ಎಂಟು ಇಂಚು.

"ಹೊಳೆಗೆ ನಾವು ಹೆದರೋದಿಲ್ಲ ಮಾರಾಯ. ಅದು ಗದ್ದೆಗೆ ಬರ್ತದೆ, ಆಮೇಲೆ ರಸ್ತೆಗೆ ಬರ್ತದೆ. ದನ ಬಿಚ್ಚಲಿಕ್ಕೆ ಟೈಮ್ ಕೊಡ್ತದೆ. ಗುಡ್ಡ ಕೊಡೋದಿಲ್ಲ" ಅಂದರು.

2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರಿನ ಕಡೆ ಗುಡ್ಡಗಳೇ ಇಳಿದುಬಂದವು. 2020ರ ಆಗಸ್ಟಿನಲ್ಲಿ, ಇಲ್ಲಿಂದ ಎಂಟು ಕಿ.ಮೀ. ದೂರದ ತಲಕಾವೇರಿಯಲ್ಲಿ, ಬ್ರಹ್ಮಗಿರಿ ಕುಸಿದು ಅರ್ಚಕರ ಮನೆಯೇ ಕೊಚ್ಚಿಹೋಯಿತು, ಐವರು ತೀರಿಕೊಂಡರು. ಅಂದಿನಿಂದ ದೊಡ್ಡಪ್ಪ ಮಳೆಯ ಜೊತೆ ತೊರೆಯನ್ನೂ ನೋಡುತ್ತಾರೆ. ತಿಳಿನೀರು ಏಕಾಏಕಿ ಕೆಂಪಾದರೆ ಮೇಲೆಲ್ಲೋ ಮಣ್ಣು ಜಾರಿದೆ. ಮಳೆ ಸುರಿಯುತ್ತಿರುವಾಗಲೇ ತೊರೆ ಬತ್ತಿದರೆ ಇನ್ನೂ ಅಪಾಯ, ಕುಸಿದ ಮಣ್ಣು ನೀರಿಗೆ ಅಡ್ಡ ನಿಂತಿರಬಹುದು. ಆ ಕಟ್ಟೆ ಒಡೆದರೆ ಓಡಲೂ ಪುರುಸೊತ್ತಿಲ್ಲ.

ನದಿಯಂಚಿನ ಗದ್ದೆಗಳ ಬದುಗಳು ಹಿಂದೆ ನೀರು ಹಿಡಿದಿಟ್ಟುಕೊಳ್ಳುತ್ತಿದ್ದವು. ಈಗ ಎಷ್ಟೋ ಗದ್ದೆ ಪಾಳು. ಕೆಲವಕ್ಕೆ ಮಣ್ಣು ತುಂಬಿ ಸೈಟು ಮಾಡಿದ್ದಾರೆ. ಗುಡ್ಡದ ಬುಡವನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದು ಹೋಂಸ್ಟೇ ಎಬ್ಬಿಸಿದವರೂ ಇದ್ದಾರೆ. ಇದನ್ನು ಪ್ರಕೃತಿಯ ಮುನಿಸು ಎನ್ನಲು ನಾನು ತಯಾರಿಲ್ಲ. ಕಡಿಯಲು ಅನುಮತಿ ಕೊಟ್ಟವರಿದ್ದಾರೆ, ವಾರಾಂತ್ಯಕ್ಕೆ ರೂಮು ಹಿಡಿಯುವ ನಾವೂ ಇದ್ದೇವೆ.

ಬೆಳಗ್ಗೆ ಎಂಟೂವರೆಗೆ ಅಳೆದಾಗ ಎಂಟು ಇಂಚು ಮೂವತ್ತು ಸೆಂಟು. ದೊಡ್ಡಪ್ಪ ಬರೆದುಕೊಂಡು, ಗುಡ್ಡದ ಇಳಿಜಾರಿನ ಮನೆಗಳಿಗೆಲ್ಲ ತಾವೇ ಫೋನ್ ಹಚ್ಚಿದರು. ಕೊನೆಯ ಮನೆಯ ಅಜ್ಜಿ ಬರಲೊಲ್ಲೆ ಎಂದರಂತೆ. "ಕೋಳಿ ಗೂಡನ್ನೂ ತಕೊಂಡು ಬನ್ನಿ, ಇಲ್ಲಿ ಜಾಗ ಉಂಟು" ಎನ್ನುತ್ತ ಗಂಬೂಟು ಹಾಕಿಕೊಂಡರು. ಗೂಡು ಹೊರಲು ನಾನೂ ಅವರ ಹಿಂದೆ ಹೊರಟೆ.