ಸಾಯಬನ ಬಲಗೈ

ಹಳೆ ಗೋವಾದ ಬೊಮ್ ಜೀಸಸ್ ಬೆಸಿಲಿಕಾಕ್ಕೆ ಗಿಲಾವು ಇಲ್ಲದ್ದು ನನಗೆ ಹಳೆಯ ಕಿರಿಕಿರಿ. ಸುತ್ತಲಿನ ಇಗರ್ಜಿಗಳೆಲ್ಲ ಸುಣ್ಣ ಬಳಿದುಕೊಂಡು ಮದುವೆಗೆ ಹೊರಟವರಂತೆ ನಿಂತಿದ್ದರೆ ಇದೊಂದು ಚಿರೇಕಲ್ಲಿನ ಬರಿಮೈ ಬಿಟ್ಟುಕೊಂಡಿದೆ. 1605ರಲ್ಲಿ ಕಟ್ಟಿ ಮುಗಿಸಿದವರು ಹೀಗೆ ಬಿಟ್ಟಿರಲಿಲ್ಲ. 1950ರ ದಶಕದಲ್ಲಿ ಪೋರ್ಚುಗೀಸ್ ವಾಸ್ತುಶಿಲ್ಪಿಯೊಬ್ಬ, ಹಳೆಯದು ಹಳೆಯದಾಗಿಯೇ ಕಾಣಲಿ ಅಂತ ಗಿಲಾವು ಕೀಳಿಸಿದ. ಚಿರೇಕಲ್ಲು ಮಳೆ ಕುಡಿಯುತ್ತದೆ ಎನ್ನುವುದನ್ನು ನಮ್ಮ ಕರಾವಳಿಯ ಯಾವ ಗಾರೆಯವನೂ ಹೇಳುತ್ತಿದ್ದ. ಕೇಳಬೇಕಲ್ಲ!

ಈ ಸಲ ಹೋದದ್ದು ಕಾರವಾರದ ನೆರೆಮನೆಯ ಮಾವಶಿಯ ಜೊತೆ. ಕಾಳಿ ನದಿ ದಾಟುವಾಗ ಅವರು ಶಿಲುಬೆಯ ಗುರುತು ಹಾಕಿಕೊಂಡರು. 2024ರಲ್ಲಿ ಹಳೆ ಸೇತುವೆ ಬಿದ್ದಾಗಿನಿಂದ ಹೊಸದರ ಮೇಲೂ ಅವರಿಗೆ ನಂಬಿಕೆ ಇಲ್ಲ. ಬೆಸಿಲಿಕಾದಲ್ಲಿ ಮಲಗಿರುವ ಸಂತ ಫ್ರಾನ್ಸಿಸ್ ಕ್ಸೇವಿಯರ್ ಮಾವಶಿಯ ಬಾಯಲ್ಲಿ ಬರೀ ‘ಸಾಯಬ’. ಸಾಯಬನ ಹತ್ತಿರ ಮೊಣಕಾಲಿನ ತಕರಾರು ಹೇಳುವುದಿತ್ತು.

ಹೊರಗಡೆ ಹರಕೆಯ ಮೇಣದ ಅಂಗಾಂಗ ಮಾರುವವಳ ಮುಂದೆ ಮಾವಶಿ ಕುಕ್ಕರಿಸಿದರು. ಕೈ, ಕಾಲು, ಕಣ್ಣು, ತೊಟ್ಟಿಲ ಕೂಸು, ಮನೆ ಬೇಕಾದವರಿಗೆ ಮನೆ. ಹಳದಿ ಮೇಣದ ಕಾಲೊಂದನ್ನು ಎತ್ತಿ ತಿರುವಿ ನೋಡಿದರು. ಐದು ಬೆರಳೂ ಒಂದಕ್ಕೊಂದು ಅಂಟಿಕೊಂಡಿದ್ದವು.

“ಬರೀ ಮೊಣಕಾಲು ಇಲ್ಲವಾ?”

“ಬಿಡಿ ಕೊಡೋದಿಲ್ಲ ಬಾಯಿ, ಇಡೀ ಕಾಲೇ ತಗೊಳ್ಳಬೇಕು.”

“ನೋವಿರುವುದು ಇಷ್ಟೇ ಜಾಗ. ಪಾದಕ್ಕೂ ತೊಡೆಗೂ ನಾನು ಯಾಕೆ ದುಡ್ಡು ಕೊಡಲಿ?”

ಹತ್ತು ರೂಪಾಯಿ ಇಳಿಯಿತು. ಕಾಲು ಚೀಲಕ್ಕೆ ಹೋಯಿತು.

ಒಳಗೆ ಎತ್ತರದ ಅಮೃತಶಿಲೆಯ ಸಮಾಧಿ, ಅದರ ನೆತ್ತಿಯ ಮೇಲೆ ಬೆಳ್ಳಿಯ ಪೆಟ್ಟಿಗೆ. ಪೆಟ್ಟಿಗೆ 1637ರದು, ಗೋವೆಯ ಅಕ್ಕಸಾಲಿಗರ ಕೈಕೆಲಸ. ಅಮೃತಶಿಲೆ ಬಂದದ್ದು ಇಟಲಿಯ ಟಸ್ಕನಿಯಿಂದ. ಅಲ್ಲಿನ ಡ್ಯೂಕ್ ಮೂರನೆಯ ಕೊಸಿಮೊ ಸಂತನ ತಲೆಯಡಿಯ ದಿಂಬು ಪಡೆದು, ಅದಕ್ಕೆ ಪ್ರತಿಯಾಗಿ ಇಷ್ಟನ್ನೂ ಮಾಡಿಸಿ ಕಳಿಸಿದನಂತೆ. ಕತ್ತು ನೋಯುವಷ್ಟು ಮೇಲೆ ನೋಡಿದರೂ ಕಾಣುವುದು ಬೆಳ್ಳಿ, ಗಾಜು, ಅದರಾಚೆ ಒಂದಿಷ್ಟು ಕಪ್ಪು. ಮುಂದಿನವರ ಮೊಬೈಲುಗಳು ಅದನ್ನೂ ಮರೆಮಾಡಿದ್ದವು.

ಬೆಂಚಿನಲ್ಲಿ ಕೂತು ನಾನು ಮಾವಶಿಗೆ ಪುರಾಣ ಬಿಚ್ಚಿದೆ. 1552ರ ಡಿಸೆಂಬರಿನಲ್ಲಿ ಚೀನಾದ ದಂಡೆಯ ದ್ವೀಪವೊಂದರಲ್ಲಿ ತೀರಿಕೊಂಡರು, ಬೇಗ ಎಲುಬಾಗಲಿ ಎಂದು ಹೆಣದ ಮೇಲೆ ಸುಣ್ಣ ಸುರಿದರು, ದೇಹ ಕೆಡಲೇ ಇಲ್ಲ, ಮಲಾಕಾ ಹಾದು 1554ರಲ್ಲಿ ಗೋವೆಗೆ ಬಂತು. ಪಾದಕ್ಕೆ ಮುತ್ತಿಡುವ ನೆವದಲ್ಲಿ ಪೋರ್ಚುಗೀಸ್ ಹೆಂಗಸೊಬ್ಬಳು ಕಾಲ್ಬೆರಳನ್ನೇ ಕಚ್ಚಿಕೊಂಡು ಹೋದಳೆಂದು ಕತೆ. 1614ರಲ್ಲಿ ಬಲ ಮುಂಗೈ ಕತ್ತರಿಸಿ ರೋಮಿಗೆ ಒಯ್ದದ್ದು ಮಾತ್ರ ಕತೆಯಲ್ಲ. 1683ರಲ್ಲಿ ಸಂಭಾಜಿಯ ಸೈನ್ಯ ಬಾಗಿಲಿಗೆ ಬಂದಾಗ ಹೆದರಿದ ವೈಸರಾಯ್ ಶವಪೆಟ್ಟಿಗೆ ತೆರೆಸಿ, ತನ್ನ ಅಧಿಕಾರದ ದಂಡವನ್ನು ಸಂತನ ಬಳಿಯಿಟ್ಟು, ಇನ್ನು ನೀನೇ ನೋಡಿಕೋ ಎಂದುಬಿಟ್ಟ. ಮೊಘಲರು ಬಂದರೆಂದು ಸಂಭಾಜಿ ಹಿಂದೆ ಸರಿದ. ಹೆಸರು ಸಾಯಬನಿಗೆ ಬಂತು.

“ಬಲಗೈಯೇ ಒಯ್ದರಾ?” ಮಾವಶಿಗೆ ಉಳಿದದ್ದು ಬೇಡ. “ಪಾಪ, ಎಲ್ಲ ಎಡಗೈಯಲ್ಲೇ ಮಾಡಬೇಕು. ಅದಕ್ಕೇ ನನ್ನ ಕೆಲಸ ತಡ.”

ನನ್ನ ನಾಲಿಗೆ ಸುಮ್ಮನಿರಲಿಲ್ಲ. ಇದೇ ಸಾಯಬ 1546ರಲ್ಲಿ ಪೋರ್ಚುಗಲ್ ರಾಜನಿಗೆ ಪತ್ರ ಬರೆದು, ಗೋವೆಗೆ ಇನ್‌ಕ್ವಿಸಿಷನ್, ಅಂದರೆ ಮತ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುವ ನ್ಯಾಯಾಲಯ, ಬೇಕೆಂದು ಕೇಳಿದ್ದರು; 1560ರಲ್ಲಿ ಅದು ಬಂತು. ಕೊಂಕಣಿ ಆಡುವ ಎಷ್ಟೋ ಮನೆತನಗಳು, ಹಿಂದೂಗಳೂ ಕ್ರೈಸ್ತರೂ, ಅದರ ಭಯಕ್ಕೇ ಊರು ಬಿಟ್ಟು ನಮ್ಮ ಕನ್ನಡದ ಕರಾವಳಿಗೆ ಬಂದವು. ನಿಮ್ಮ ಹಿರಿಯರೂ ಹಾಗೆಯೇ ಬಂದವರಿರಬಹುದು ಮಾವಶಿ, ಎಂದೆ.

ಅವರು ಜಪಮಾಲೆ ನಿಲ್ಲಿಸಿ ನನ್ನನ್ನೇ ನೋಡಿದರು. “ಇರಬಹುದು ಪುತಾ. ಹಾಗಾದರೆ ಅವನು ನಮಗೆ ಬಾಕಿ ಇದ್ದಾನೆ. ಕೇಳುವುದಕ್ಕೆ ನನಗೇನು ಸಂಕೋಚ?”

ಮೇಣದ ಕಾಲನ್ನು ಒಪ್ಪಿಸಿ ಹೊರಬಂದೆವು. ಅಲ್ಲಿ ಆಗಲೇ ಬಿದ್ದಿದ್ದ ಕಾಲುಗಳ ರಾಶಿ ನೋಡಿ, ಇವು ಸಂಜೆಗೆ ಮತ್ತೆ ಅಂಗಡಿಗೇ ಹೋಗುತ್ತವೇನೋ ಎಂಬ ಅನುಮಾನ ನನಗೆ ಬಂತು, ಹೇಳಲಿಲ್ಲ. ಎದುರಿಗಿನ ಸೆ ಕೆಥೆಡ್ರಲ್ ಕಡೆ ಮಾವಶಿ ಕೈ ತೋರಿಸಿದರು. ಹತ್ತು ವರ್ಷಕ್ಕೊಮ್ಮೆ ಸಾಯಬನನ್ನು ಕೆಳಗಿಳಿಸಿ ಜನರಿಗೆ ತೋರಿಸುವುದು ಅಲ್ಲೇ. ಕಳೆದ ಸಲದ್ದು 2025ರ ಜನವರಿಯಲ್ಲಿ ಮುಗಿಯಿತು, ಮಂಡಿನೋವಿನಿಂದಾಗಿ ಮಾವಶಿಗೆ ತಪ್ಪಿತು.

“ಮುಂದಿನದು ಯಾವಾಗ?”

“2034ಕ್ಕೆ ಇರಬೇಕು.”

“ಅಷ್ಟರೊಳಗೆ ವಾಸಿಯಾಗದಿದ್ದರೆ ಹತ್ತಿರದಿಂದಲೇ ವಿಚಾರಿಸುತ್ತೇನೆ. ಪಾದ, ತೊಡೆಯ ದುಡ್ಡೂ ಕೊಟ್ಟಿದ್ದೇನೆ ಅಂತ ನೀನು ಸಾಕ್ಷಿ ಹೇಳು.”