ಮೂವತ್ತು ಎಣಿಸುವವರೆಗೆ

ಕನ್ನಡ ಮೇಷ್ಟರ ಮನೆಯಲ್ಲಿ ಬಂದೂಕು ಇದೆ ಎಂದರೆ ಕೇಳಿದವರು ಮೊದಲು ನಗುತ್ತಾರೆ. ಆಮೇಲೆ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಳ್ಳುತ್ತಾರೆ. ನಗುವುದಕ್ಕೆ ಕಾರಣವುಂಟು, ಸರಿಯುವುದಕ್ಕೆ ಕಾರಣವಿಲ್ಲವೆಂದು ನಾನೂ ಬಹುಕಾಲ ನಂಬಿದ್ದೆ. ಬಂದೂಕು ನಾನು ಕೊಂಡದ್ದಲ್ಲ. ೧೯೮೩ರಲ್ಲಿ ನಮ್ಮ ತಂದೆ ಬೆಳೆ ರಕ್ಷಣೆಗೆಂದು ಲೈಸೆನ್ಸು ಮಾಡಿಸಿ ತಂದದ್ದು. ೨೦೧೯ರಲ್ಲಿ ಅವರು ತೀರಿಕೊಂಡ ಮೇಲೆ, ಹೊಲ ಮತ್ತು ಹೊಲದ ಮೇಲಿನ ಸಾಲದ ಜೊತೆಗೆ ಅದೂ ನನ್ನ ಪಾಲಿಗೆ ಬಂತು.

ನಮ್ಮ ಹಳ್ಳಿ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಹಾದಿಯಲ್ಲಿದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಬಿದ್ದಷ್ಟು ಮಳೆಯನ್ನು ನಂಬಿ ಶೇಂಗಾ ಬಿತ್ತುತ್ತೇವೆ. ಆ ಶೇಂಗಾ ಗಿರಣಿಗಳಲ್ಲಿ ಅರೆದೇ ಚಳ್ಳಕೆರೆಗೆ ಎಣ್ಣೆಯ ಊರೆಂಬ ಹೆಸರು ಬಂದದ್ದು. ಈ ಎಣ್ಣೆಯ ಸಂಗತಿ ಓದುಗರ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ. ಕಿತ್ತ ಗಿಡಗಳನ್ನು ಹೊಲದಲ್ಲೇ ಮೆದೆ ಹಾಕಿ ಒಣಗಿಸುವಾಗ ಗುಡ್ಡದಿಂದ ಕಾಡುಹಂದಿಗಳು ಇಳಿಯುತ್ತವೆ. ನಾಲ್ಕು ತಿಂಗಳ ದುಡಿಮೆಯನ್ನು ಒಂದು ರಾತ್ರಿಯಲ್ಲಿ ಮುಗಿಸುವ ಶಕ್ತಿ ಅವಕ್ಕುಂಟು.

ಬಂದೂಕು ಚಿಕ್ಕದು, ನಳಿಗೆಯ ಬಾಯಿ ಕಾಲು ಅಂಗುಲಕ್ಕೂ ಕಡಿಮೆ. ಹಿಂಬದಿಯಲ್ಲಿ ಬಾಗಿಲಿನ ಅಗುಳಿಯಂಥ ಒಂದು ಉಕ್ಕಿನ ಬೋಲ್ಟು. ಅದನ್ನು ಎತ್ತಿ ಹಿಂದಕ್ಕೆಳೆದು, ತೋಟಾ ಇಟ್ಟು, ಮುಂದಕ್ಕೆ ದೂಡಿ ಮಡಿಸಿದರೆ ಸಿದ್ಧವಾಯಿತು. ಬೋಲ್ಟಿನ ಹೊಟ್ಟೆಯಲ್ಲಿ ಒಂದು ಸ್ಪ್ರಿಂಗು, ಒಂದು ಮೊಳೆ. ಕುದುರೆ ಎಳೆದೊಡನೆ ಮೊಳೆ ಮುಂದಕ್ಕೆ ಚಿಮ್ಮಿ ತೋಟಾದ ಬುಡದ ಅಂಚನ್ನು ಜಜ್ಜುತ್ತದೆ. ಆ ಅಂಚಿನೊಳಗೆ ಪೆಟ್ಟಿಗೆ ಹೊತ್ತಿಕೊಳ್ಳುವ ಮದ್ದು ಇರುತ್ತದೆ. ಇದು ಹಂದಿಯನ್ನು ಕೊಲ್ಲುವ ಬಂದೂಕಲ್ಲ. ೧೯೭೨ರ ವನ್ಯಜೀವಿ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಹಂದಿಯನ್ನು ಕೊಲ್ಲುವಂತೆಯೂ ಇಲ್ಲ. ತಂದೆ ಬದುವಿನ ಮಣ್ಣಿಗೆ ಹೊಡೆಯುತ್ತಿದ್ದರು. ಮಣ್ಣು ಗುಂಡನ್ನು ನುಂಗುತ್ತಿತ್ತು, ಸದ್ದು ಹಂದಿಯನ್ನು ಓಡಿಸುತ್ತಿತ್ತು.

ಅವರು ನನಗೆ ಹೇಳಿಕೊಟ್ಟದ್ದು ಎರಡೇ ಪಾಠ. ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದು ಕಾಣದೆ ಕುದುರೆಗೆ ಬೆರಳಿಡಬಾರದು. ಕುದುರೆ ಎಳೆದ ಮೇಲೂ ಸಿಡಿಯದಿದ್ದರೆ ಬೋಲ್ಟು ತೆಗೆಯಬಾರದು. ಮೂತಿಯನ್ನು ಬದುವಿಗೆ ಹಿಡಿದು ಮೂವತ್ತು ಎಣಿಸಬೇಕು. ಒಮ್ಮೊಮ್ಮೆ ಮದ್ದು ತಡವಾಗಿ ಹೊತ್ತುತ್ತದೆ. ದೀಪಾವಳಿಯಲ್ಲಿ ಠುಸ್ಸೆಂದ ಪಟಾಕಿಯ ಮೇಲೆ ಬಗ್ಗಿ ನೋಡಿದ ಹುಡುಗರ ಕಥೆ ಎಲ್ಲರಿಗೂ ಗೊತ್ತಷ್ಟೆ.

೨೦೨೩ರ ಮೇ ತಿಂಗಳ ವಿಧಾನಸಭೆ ಚುನಾವಣೆಗೆ ಎಲ್ಲರಂತೆ ನಾನೂ ಬಂದೂಕನ್ನು ಠಾಣೆಗೆ ಒಪ್ಪಿಸಿದ್ದೆ. ಮರಳಿ ತಂದಾಗ ಅದು ತವರಿಗೆ ಬಂದ ಮಗಳಂತೆ ಕಂಡಿತು. ಒರೆಸಿ, ಎಣ್ಣೆ ಹಾಕಿ, ಚಳ್ಳಕೆರೆಯ ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಆ ವರ್ಷ ಬರ. ಬಂದದ್ದು ಕಾಲುಭಾಗ ಬೆಳೆ. ಕಾರ್ತಿಕದಲ್ಲಿ ಮೆದೆ ಕಾಯಲು ಕೂತೆ. ಹಂದಿಗಳು ಬಂದುವು, ಕುದುರೆ ಎಳೆದೆ, ಟಿಕ್ಕೆಂದಿತು. ಮೂವತ್ತು ಎಣಿಸಿ, ಬೇರೆ ತೋಟಾ ಹಾಕಿ ಎಳೆದರೆ ಸಿಡಿಯಿತು. ಮರುದಿನ ನಸುಕಿನಲ್ಲೂ ಹಾಗೆಯೇ.

ಹಳಗನ್ನಡದ ಪದ್ಯದಲ್ಲಿ ಮಾತ್ರೆ ತಪ್ಪಿದರೆ ನಾವು ಮೇಷ್ಟರುಗಳು ಮೊದಲು ಲಿಪಿಕಾರನನ್ನು ಬಯ್ಯುತ್ತೇವೆ. ಅದೇ ಅಭ್ಯಾಸದಿಂದ ತೋಟಾಗಳನ್ನು ಬೈದೆ. ಹೊಸ ಡಬ್ಬಿ ತಂದೆ; ಗುಣವಾಗಲಿಲ್ಲ. ಬೋಲ್ಟು ಪೂರ್ತಿ ಮಡಿಸಿತ್ತೇ ಎಂದು ಪ್ರತಿ ಸಲವೂ ನೋಡಿದೆ, ಮಡಿಸಿತ್ತು. ಒಂದು ಮಧ್ಯಾಹ್ನ ಹೊಲಕ್ಕೆ ಹೋಗಿ ಬದುವಿಗೆ ಐದು ಗುಂಡು ಹಾರಿಸಿದೆ; ಐದೂ ಸಿಡಿದುವು. ವೈದ್ಯರ ಬಾಗಿಲಿಗೆ ಹೋದೊಡನೆ ಮಗುವಿನ ಜ್ವರ ಇಳಿಯುತ್ತದಲ್ಲ, ಹಾಗೆ. ಎಂದೂ ಸಿಡಿಯದ ಬಂದೂಕನ್ನು ನಂಬಬಹುದು. ಆಗಾಗ ಸಿಡಿಯುವ ಬಂದೂಕನ್ನು ನಂಬುವಂತಿಲ್ಲ.

ಇನ್ನು ಆ ನಸುಕಿನ ಮಾತು. ಆ ವಾರ ಅರ್ಧ ಮೆದೆ ಹಾಳಾಗಿತ್ತು. ನಿದ್ದೆಯಿಲ್ಲದೆ ಕಣ್ಣು ಉರಿಯುತ್ತಿತ್ತು; ಹೊಟ್ಟೆಯೂ. ಬೆಳಕು ಇನ್ನೂ ಬಿಟ್ಟಿರಲಿಲ್ಲ. ಐವತ್ತು ಗಜದಾಚೆ ಕಿತ್ತ ಹೊಲದಲ್ಲಿ ಕಪ್ಪಗೆ ಏನೋ ನೆಲ ಕೆದಕುತ್ತಿತ್ತು. ಮುಂದೆ ಸರಿಯುವುದು, ನಿಲ್ಲುವುದು, ಮತ್ತೆ ಕೆದಕುವುದು. ಟಾರ್ಚು ಹಾಕಿದರೆ ಓಡೀತೆಂದು ಹಾಕಲಿಲ್ಲ. ಅಂದು ನಾನು ಬದುವಿಗೆ ಗುರಿಯಿಡಲಿಲ್ಲ. ಆ ಕಪ್ಪಿಗೇ ಇಟ್ಟೆ. ಎಳೆದೆ. ಟಿಕ್ಕೆಂದಿತು.

ಕೈ ತನ್ನಷ್ಟಕ್ಕೆ ತಾನೇ ಮೂತಿಯನ್ನು ಬದುವಿಗೆ ತಿರುಗಿಸಿತು. ಎಣಿಸತೊಡಗಿದೆ. ಹದಿನೇಳಕ್ಕೋ ಹದಿನೆಂಟಕ್ಕೋ ಹಂದಿ ಎದ್ದು ನಿಂತಿತು. ಸೊಂಟಕ್ಕೆ ಕೈಕೊಟ್ಟು ನಿಂತಿತು. ಉಡಿಯನ್ನು ಬಿಗಿದು ಕಟ್ಟಿಕೊಂಡಿತು.

ನಮ್ಮೂರಿನ ಒಬ್ಬ ಮುದುಕಿ ಹಕ್ಕಲು ಆಯುತ್ತಿದ್ದಳು. ಗಿಡ ಕೀಳುವಾಗ ಕಾಯಿ ಕಳಚಿ ಮಣ್ಣಿನಲ್ಲೇ ಉಳಿಯುತ್ತದೆ. ಅದನ್ನು ಬಡವರು ಕೆದಕಿ ಆಯ್ದುಕೊಳ್ಳುವುದು ನಮ್ಮ ಸೀಮೆಯ ವಾಡಿಕೆ. ಬಿಸಿಲೇರುವ ಮುನ್ನ ಮುಗಿಸೋಣವೆಂದು ಬೇಗ ಬಂದಿದ್ದಾಳೆ. ನಾನು ಎಣಿಕೆ ನಿಲ್ಲಿಸಲಿಲ್ಲ. ಮೂವತ್ತಾದ ಮೇಲೂ ಎಷ್ಟೋ ಹೊತ್ತು ಎಣಿಸಿದೆ. ಆಕೆ ಮೆದೆಯ ಬಳಿ ಹಾಯುವಾಗ, "ಮೇಷ್ಟ್ರೆ, ಚಳಿ ಜೋರೈತಲ್ಲ, ಹೊದ್ದುಕೊಂಡು ಕುಂದರಬಾರ್ದಾ?" ಎಂದಳು.

ಇಷ್ಟಾದ ಮೇಲೂ ನಾನು ಬಂದೂಕನ್ನು ದುರಸ್ತಿಗೆ ಒಯ್ದೆ. ಮನುಷ್ಯನ ಮನಸ್ಸನ್ನು ನೋಡಿ! ಕೆಟ್ಟದ್ದು ಬಂದೂಕು ಎಂದು ಯಾರಾದರೂ ಬಲ್ಲವರ ಬಾಯಿಂದ ಕೇಳಬೇಕಾಗಿತ್ತು. ಪಕ್ಕದ ಜಿಲ್ಲೆಯ ಪೇಟೆಯಲ್ಲಿ ಲೈಸೆನ್ಸು ಪಡೆದ ಕಸಬುದಾರರೊಬ್ಬರಿದ್ದರು, ವಯಸ್ಸಾದ ಸಾಹೇಬರು. ಅವರು ಬಂದೂಕನ್ನು ಮುಟ್ಟುವ ಮೊದಲು, "ಯಾವ ಹೊತ್ತಿನಲ್ಲಿ ಕೈಕೊಡುತ್ತದೆ?" ಎಂದು ಕೇಳಿದರು. ನಾನು ಈ ಪ್ರಶ್ನೆಯನ್ನೇ ಕೇಳಿಕೊಂಡಿರಲಿಲ್ಲ. ನೆನೆದು ನೋಡಿದರೆ ಎಲ್ಲವೂ ನಸುಕಿನಲ್ಲಿ, ಅದೂ ಮೊದಲ ತೋಟಾ.

ಸಿಡಿಯದ ತೋಟಾಗಳನ್ನೂ ಸಿಡಿದ ಖಾಲಿ ಕೊಳವೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ಭೂತಗನ್ನಡಿ ಹಿಡಿದರು. ಸಿಡಿದವುಗಳ ಅಂಚಿನಲ್ಲಿ ಮೊಳೆಯ ಗುರುತು ಆಳವಾಗಿತ್ತು; ಸಿಡಿಯದವುಗಳಲ್ಲಿ ಉಗುರಿನಿಂದ ಒತ್ತಿದಷ್ಟು. "ಗುರುತು ಆಳವಾಗಿದ್ದೂ ಸಿಡಿಯದಿದ್ದರೆ ತೋಟಾದ ತಪ್ಪು. ಗುರುತೇ ತೆಳುವಾದರೆ ಬಂದೂಕಿನದು" ಎಂದರು. ಬೋಲ್ಟನ್ನು ಬಿಚ್ಚಿ ಮೂಗಿನ ಹತ್ತಿರ ಹಿಡಿದರು. ಮುಖದಲ್ಲಿ ಆಶ್ಚರ್ಯ ಮೂಡಿತು. "ಮೇಷ್ಟ್ರೆ, ಇದಕ್ಕೆ ಒಗ್ಗರಣೆ ಹಾಕಿದ್ದೀರಾ?"

ಹಾಕಿದ್ದೆ. ಮೇ ತಿಂಗಳಲ್ಲಿ ಅಕ್ಕರೆಯಿಂದ ಹಾಕಿದ ಎಣ್ಣೆ ನಮ್ಮ ಹೊಲದ್ದೇ ಶೇಂಗಾದ ಗಾಣದೆಣ್ಣೆ. ಅದು ಗಾಳಿಗೆ ಕೆಟ್ಟು, ಧೂಳು ಹೀರಿ, ಸ್ಪ್ರಿಂಗಿನ ಸುತ್ತ ಅಂಟಿನಂತೆ ಕೂತಿತ್ತು. ಬಿಸಿಲಿನಲ್ಲಿ ಸಡಿಲವಾಗುವುದು, ಚಳಿಯಲ್ಲಿ ಬಿಗಿಯುವುದು. ನಸುಕಿನಲ್ಲಿ ಮೊಳೆ ಹೊರಡುತ್ತದೆ, ಮುಟ್ಟುತ್ತದೆ, ಪೆಟ್ಟು ಮಾತ್ರ ಸಾಲದು. ಒಮ್ಮೆ ಕದಲಿದ ಮೇಲೆ ಎರಡನೆಯದು ಸಿಡಿಯುತ್ತದೆ. ಸಾಹೇಬರು ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ತೆಳುವಾದ ಯಂತ್ರದ ಎಣ್ಣೆಯನ್ನು ಒಂದು ತೊಟ್ಟು ಸವರಿ, ಅದನ್ನೂ ಒರೆಸಿದರು. "ಇನ್ನು ಎಂದೂ ಕೈಕೊಡುವುದಿಲ್ಲ" ಎಂದರು. ಸಮಾಧಾನಕ್ಕೆ ಹೇಳಿದ ಆ ಮಾತಿಗೆ ನನ್ನ ಬೆನ್ನು ತಣ್ಣಗಾಯಿತು.

ಅದೇ ಚಳಿಗಾಲದಲ್ಲಿ, ಪ್ರತಿವರ್ಷದಂತೆ, ವಿದ್ಯಾರ್ಥಿಗಳನ್ನು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಕರೆದೊಯ್ದೆ. ೧೮೯೨ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದ ಅಶೋಕನ ಶಾಸನ ಅಲ್ಲಿಯ ಬಂಡೆಯ ಮೇಲಿದೆ. ತಾಯಿತಂದೆಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ದೃಢವಾಗಿರಬೇಕು, ಸತ್ಯವನ್ನು ಹೇಳಬೇಕು ಎಂಬುದು ಅದರ ಒಂದು ಭಾಗದ ತಾತ್ಪರ್ಯ. ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದೂ ಇದೆ. ಅದನ್ನು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುವುದು ರೂಢಿ. ಆ ಸಲ ಎರಡನೆಯ ಮಾತಿಗೇ ಗಂಟಲು ಕಟ್ಟಿತು. ಹುಡುಗರು ನೀರು ಕೊಟ್ಟರು. ತಂದೆಯ ಎರಡು ಪಾಠಗಳಲ್ಲಿ ಒಂದನ್ನು ನಾನು ಮರೆತಿದ್ದೆ, ಇನ್ನೊಂದನ್ನು ಕೈ ಮರೆತಿರಲಿಲ್ಲ.

೨೦೨೪ರ ಲೋಕಸಭಾ ಚುನಾವಣೆಗೆ ಬಂದೂಕನ್ನು ಮತ್ತೆ ಠಾಣೆಗೆ ಒಪ್ಪಿಸಿದೆ. ಏಪ್ರಿಲ್ ೨೬ರಂದು ನಮ್ಮಲ್ಲಿ ಮತದಾನವಾಯಿತು. ಜೂನಿನಲ್ಲಿ ಫಲಿತಾಂಶವೂ ಬಂತು. ಒಯ್ಯಿರೆಂದು ಹೇಳಿಕಳಿಸಿದಾಗ ಹೋದೆ. ತರುವುದಕ್ಕಲ್ಲ, ಲೈಸೆನ್ಸನ್ನು ಬಿಟ್ಟುಕೊಡುವ ಅರ್ಜಿ ಹಿಡಿದು. ಹಂದಿಗಳು ಈಗಲೂ ಬರುತ್ತವೆ. ತಗಡಿನ ಡಬ್ಬ ಬಡಿಯುತ್ತೇನೆ. ಕೆಲವು ಓಡುತ್ತವೆ, ಕೆಲವು ಓಡುವುದಿಲ್ಲ. ನಷ್ಟವಾದ ದಿನ ಅಶೋಕನೂ ಬೇಡ, ಯಾರೂ ಬೇಡ ಎನಿಸುವುದುಂಟು.

ಮರುಸುಗ್ಗಿಯಲ್ಲಿ ಆ ಮುದುಕಿ ಹಕ್ಕಲಿಗೆ ಬಂದಳು. ನನ್ನ ಕೈಯ ಡಬ್ಬವನ್ನು ನೋಡಿ, "ಯಾಕ್ ಮೇಷ್ಟ್ರೆ, ಈ ಸರ್ತಿ ಬಂದೂಕ ತಂದಿಲ್ಲೇನು?" ಎಂದು ಕೇಳಿದಳು.

"ಕೆಟ್ಟುಹೋಗಿದೆ ಅವ್ವಾ" ಎಂದೆ.

"ಹಳೇದಾದ್ರೆ ಎಲ್ಲಾ ಅಷ್ಟೇ" ಎಂದು ಆಕೆ ಮತ್ತೆ ಮಣ್ಣಿಗೆ ಬಾಗಿದಳು.