ಒಲ್ಲೆನೆನ್ನುವ ಕ್ಯಾಮರಾ

ಜಪಾನಿನ ಒಲಿಂಪಸ್ ಸಂಸ್ಥೆಯು 1961ರಲ್ಲಿ ಹೊರತಂದ ‘ಪೆನ್ ಇ.ಇ.’ ಎಂಬ ಪುಟ್ಟ ಕ್ಯಾಮರಾವು ವಿಚಿತ್ರ ಸ್ವಭಾವದ್ದು. ಯೋಶಿಹಿಸಾ ಮೈತಾನಿಯವರು ರೂಪಿಸಿದ 1959ರ ‘ಪೆನ್’ ಇದರ ಅಗ್ರಜ. 36 ಚಿತ್ರಗಳ ಫಿಲ್ಮ್ ಸುರುಳಿಯಲ್ಲಿ ಇದು 18×24 ಮಿಲಿಮೀಟರಿನ 72 ಚಿತ್ರಗಳನ್ನು ತೆಗೆಯಬಲ್ಲುದು. ಇಷ್ಟು ಮಿತವ್ಯಯಿಯಾದರೂ ಇದಕ್ಕೊಂದು ಹಟವುಂಟು. ಮಸೂರದ ಸುತ್ತಲಿನ ಸೆಲೆನಿಯಂ ಫಲಕವು ಬ್ಯಾಟರಿಯ ನೆರವಿಲ್ಲದೆಯೇ ಬೆಳಕನ್ನು ಅಳೆಯುವುದು; ಬೆಳಕು ಸಾಲದಿದ್ದರೆ ನೋಡುವ ಕಿಂಡಿಯಲ್ಲಿ ನಾಲಗೆಯಂತಹ ಕೆಂಪು ಪಟ್ಟಿಯೊಂದು ಮೇಲೇಳುವುದು. ಆಗ ಗುಂಡಿಯನ್ನು ಎಷ್ಟು ಒತ್ತಿದರೂ ಷಟರು ತೆರೆಯದು.

ಇಂಥದೊಂದು ಹಳೆಯ ಕ್ಯಾಮರಾವನ್ನು ಪರೀಕ್ಷಿಸಹೊರಟ ತರುಣನೊಬ್ಬನು ಮೊದಲು ತನ್ನ ಅಜ್ಜಿಯ ಬಳಿಗೆ ಹೋದನು. ಆಕೆಯು ನಡುಮನೆಯ ಮಬ್ಬಿನಲ್ಲಿ, ತನ್ನ ನಿತ್ಯದ ಮೂಲೆಯಲ್ಲಿ ಕುಳಿತಿದ್ದಳು. ಕೆಂಪು ನಾಲಗೆ ಎದ್ದಿತು. ಮೂರು ಬಾರಿ ಯತ್ನಿಸಿ ಸೋತ ಅವನು ಆಕೆಯ ಕೈಹಿಡಿದು ಮೆಲ್ಲಮೆಲ್ಲನೆ ಅಂಗಳಕ್ಕೆ ಕರೆತಂದನು. ಎಷ್ಟೋ ತಿಂಗಳಿಂದ ಹೊಸ್ತಿಲು ದಾಟದಿದ್ದ ಆ ವೃದ್ಧೆಯು ಎಳೆಬಿಸಿಲಿಗೆ ಕಣ್ಣು ಕಿರಿದುಮಾಡಿ ನಕ್ಕಳು, ಷಟರು ಟಿಕ್ಕೆಂದಿತು.

ಚಿತ್ರವು ಹೇಗೆ ಬಂದಿತೆಂಬುದು ಉಳಿದ 71 ಮುಗಿದಮೇಲೆ ತಿಳಿಯತಕ್ಕ ವಿಷಯ. ಆದರೆ ಎಲ್ಲಕ್ಕೂ ಒಪ್ಪುವ ಯಂತ್ರವು ಕೈಯಲ್ಲಿದ್ದಿದ್ದರೆ ಆಕೆಯು ಆ ಮೂಲೆಯಲ್ಲಿಯೇ ಉಳಿಯುತ್ತಿದ್ದಳು.